ಅವಾರ್ಡ್ ಅಂದ್ರ ಏನ?

ಅವತ್ತು ಶನಿವಾರ, ಬೆಳಗಿನ ಶಾಲೆ. ಮೂರನೆಯ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಚಹಾದ ಕಪ್ಪು ಕೈಗೆ ತೆಗೆದುಕೊಂಡಿದ್ದೆ, ಫೋನು ಬಂತು. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ. ಅವಳ ದನಿಯ ಹಿಂದೆ ದೊಡ್ಡ ಗದ್ದಲ. ಯಾರೋ ಮೈಕಿನಲ್ಲಿ ಹೆಸರು ಕೂಗುತ್ತಿದ್ದರು.

“ಯವ್ವಾ, ಒಂದ ಮಾತ ಕೇಳ್ತೇನಿ, ಲಗೂನ ಹೇಳ. ಅವಾರ್ಡ್ ಅಂದ್ರ ಏನ?”

“ಬಹುಮಾನ,” ಅಂದೆ. “ಪ್ರಶಸ್ತಿ. ಯಾಕ ಚಿಗವ್ವಾ?”

“ಕೋರ್ಟಿನ್ಯಾಗ ನನಗ ಅವಾರ್ಡ್ ಆತಂತ. ಈಗ ಸಹಿ ಮಾಡಿ ಹೊರಗ ಬಂದೇನಿ. ಇನ್ನ ಮುಂದ ತಾರೀಖ ಇಲ್ಲ, ಮನಿಗಿ ಹೋಗ ಅಂದ್ರು ವಕೀಲರು.”

“ಹಂಗಾದ್ರ ನೀ ಗೆದ್ದಿ ಬಿಡ!”

“ಖರೆ?” ಅಂದಳು. ಆಮೇಲೆ ಅವಳು ನಕ್ಕದ್ದು ನನಗೆ ಕೇಳಿಸಿತು.

ನನಗೂ ಖುಷಿಯಾಯಿತು. ಪಕ್ಕದಲ್ಲಿ ಕೂತಿದ್ದ ಗಣಿತದ ಮಾಸ್ತರರಿಗೆ, “ನಮ್ಮ ಚಿಗವ್ವ ಕೇಸ್ ಗೆದ್ದಳ್ರಿ” ಎಂದು ಹೇಳಿದೆ. “ಛಲೋ ಆತು ಬಿಡ್ರಿ” ಅಂದರು. ಗಂಟೆ ಹೊಡೆಯಿತು, ಎಂಟನೆಯ ತರಗತಿಗೆ ಹೋದೆ. ಒಟ್ಟು ಅರ್ಧ ನಿಮಿಷದ ಮಾತು. ಆ ಅರ್ಧ ನಿಮಿಷಕ್ಕಾಗಿ ನನ್ನನ್ನು ನಾನು ಇನ್ನೂ ಪೂರ್ತಿ ಮನ್ನಿಸಿಲ್ಲ. ಆದರೆ ನನಗಿಂತ ಮೊದಲು ತಪ್ಪೊಪ್ಪಿಕೊಳ್ಳಬೇಕಾದವರು ಬೇರೆಯವರಿದ್ದಾರೆ. ಅವರಾರೂ ಒಪ್ಪಿಕೊಂಡಿಲ್ಲ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಸಗುಪ್ಪಿ. ಕುರಿಯ ಮನೆತನ, ಅಜ್ಜನ ಕಾಲಕ್ಕೆ ಒಂದಿಷ್ಟು ಹೊಲವೂ ಆಯಿತು. ಚಿಗವ್ವನನ್ನು ಹುಕ್ಕೇರಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ನಾನು ಗೋಕಾಕದ ಕಾಲೇಜಿನಲ್ಲಿ ಇಂಗ್ಲಿಷ್ ತೆಗೆದುಕೊಳ್ಳುತ್ತೇನೆಂದಾಗ ಅಪ್ಪ ಬೇಡವೆಂದಿದ್ದ. ಸುದ್ದಿ ತಿಳಿದ ಚಿಗವ್ವ ಬಸ್ಸು ಹತ್ತಿ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಅಪ್ಪನ ಜೊತೆ ಜಗಳ ತೆಗೆದಿದ್ದಳು. “ಕಲೀಲಿ ಬಿಡ್ರಿ. ನಮ್ಮ ಮನೆತನದಾಗ ಒಬ್ಬಾಕಿಗ್ಯಾರ ಸಾಹೇಬರ ಕಾಗದ ತಿಳೀಲಿ” ಅಂದಿದ್ದಳು. ಅವಳು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಕನ್ನಡ ಪೇಪರನ್ನು ಬೆರಳಿಟ್ಟು ನಿಧಾನಕ್ಕೆ ಓದುತ್ತಾಳೆ. ಸಹಿಯನ್ನಂತೂ ಬಹಳ ಚಂದ ಮಾಡುತ್ತಾಳೆ, ಕೊನೆಯ ಅಕ್ಷರದ ಬಾಲವನ್ನು ಬಳ್ಳಿಯ ಹಾಗೆ ಎಳೆದು.

ಅವಳ ಗಂಡ, ನಮ್ಮ ಕಾಕಾ, ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರ ಮೇಲೆ ಊರು ತಿರುಗುತ್ತಾನೆ. ಮರಿ ಹಾಕುವ ಕುರಿಗಳನ್ನೂ ಮೂರೆಕರೆ ಹೊಲವನ್ನೂ ನೋಡಿಕೊಳ್ಳುವವಳು ಚಿಗವ್ವ. ಹೊಲ ಅವಳ ಹೆಸರಿನಲ್ಲೇ ಇದೆ. ಅದಕ್ಕೆ ಹೋಗಲು ಒಂದೇ ದಾರಿ, ಕಾಕಾನ ದೊಡ್ಡಪ್ಪನ ಮಗನ ಹೊಲದ ಬದುವಿನ ಗುಂಟ. ಚಿಗವ್ವನಿಗೆ ಅವನು ಭಾವ ಆಗಬೇಕು. ಒಂದು ಚಕ್ಕಡಿ ಹೋಗುವಷ್ಟು ಅಗಲದ ಆ ದಾರಿಯಲ್ಲಿ ಅವಳ ಅತ್ತೆ, ಅತ್ತೆಯ ಅತ್ತೆ ನಡೆದಿದ್ದರು. ಒಂದು ವರ್ಷ ಭಾವ ತನ್ನ ಕಬ್ಬಿನ ಸಾಲು ನೇರ ಆಗಲೆಂದು ಜೆಸಿಬಿ ತರಿಸಿ ದಾರಿಯ ಬಾಯಿಗೇ ಆಳುದ್ದ ತಗ್ಗು ತೋಡಿಸಿದ. ಅದರ ಮೇಲೆ ಜಾಲಿಮುಳ್ಳು ಹೇರಿದ. ಹಿರಿಯರು ಕೂತು ಹೇಳಿದರೂ ಕೇಳಲಿಲ್ಲ. ಚಿಗವ್ವ ಕೋರ್ಟಿಗೆ ಹೋದಳು.

ಯಾವ ಊರಿನ ಕೋರ್ಟೆಂದು ಬರೆಯುವುದಿಲ್ಲ. ಹೆಸರು ಹೇಳಿದರೆ ಇವತ್ತು ಅಲ್ಲಿ ಕೂತ, ಇದರ ಗಂಧವೇ ಇಲ್ಲದವರ ಮೇಲೆ ಮಾತು ಬಂದೀತು.

ಕೋರ್ಟಿನ ಮಾತು ಚಿಗವ್ವನಿಗೆ ಹೊಸದಾಗಿರಲಿಲ್ಲ. ದಾವೆ, ವಾದಿ, ಪ್ರತಿವಾದಿ, ತಕರಾರು, ಕೈಫಿಯತ್ತು, ರಾಜಿ, ನಿಕಾಲಿ, ಇವೆಲ್ಲ ಅವಳಿಗೆ ಗೊತ್ತಿದ್ದವು. ತನ್ನ ಕೇಸಿನ ನಂಬರನ್ನು ಕುರಿಯ ಲೆಕ್ಕದ ಹಾಗೆ ಬಾಯಿಪಾಠ ಮಾಡಿದ್ದಳು. ನಾಲ್ಕು ವರ್ಷ ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಆಮೇಲೆ ಎಲ್ಲರೂ ನಮಗೆ ಅಂದದ್ದು ಒಂದೇ ಮಾತು: “ಹಳ್ಳಿ ಹೆಂಗಸು, ಏನ ತಿಳೀತೈತಿ?” ಅವಳಿಗೆ ತಿಳಿಯುತ್ತಿತ್ತು. ತಿಳಿಯುವ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೇ.

ಆ ಶನಿವಾರ ಲೋಕ ಅದಾಲತ್ ಇತ್ತು. ಕೋರ್ಟಿನ ಆವರಣದಲ್ಲೇ ಮೇಜು ಹಾಕಿ, ಎರಡೂ ಕಡೆಯವರನ್ನು ಕರೆದು, ಒಪ್ಪಿದರೆ ಅವತ್ತೇ ರಾಜಿ ಮಾಡಿಸಿ ಕೇಸು ಮುಗಿಸುವ ಏರ್ಪಾಡು ಅದು. ಏರ್ಪಾಡನ್ನು ನಾನು ಬಯ್ಯುವುದಿಲ್ಲ. ನಾಗನೂರಿನ ನಮ್ಮ ಸಂಬಂಧಿಕರ ಗಂಡ ಹೆಂಡಿರ ಜಗಳವೊಂದು ಅಂಥ ಮೇಜಿನ ಮುಂದೆಯೇ ಮುಗಿದು, ಇಬ್ಬರೂ ಒಂದೇ ಬೈಕಿನಲ್ಲಿ ಮನೆಗೆ ಹೋದದ್ದನ್ನು ಕಂಡಿದ್ದೇನೆ.

ಮನೆಗೆ ಹೋಗುವಾಗ ಚಿಗವ್ವ ಪೇಢೆ ಕೊಂಡಳಂತೆ. ಓಣಿಯಲ್ಲೆಲ್ಲ ಹಂಚಿದಳಂತೆ. “ನನಗ ಕೋರ್ಟಿನ್ಯಾಗ ಬಹುಮಾನ ಬಂತು. ನಮ್ಮ ಟೀಚರ ಹೇಳ್ಯಾಳ” ಎಂದು ನನ್ನ ಹೆಸರನ್ನೂ ಸೇರಿಸಿದಳಂತೆ.

ಸೋಮವಾರ ಮುಂಜಾನೆ ಅವಳು ಸಲಿಕೆ ಹಿಡಿದು, ಕುರಿ ಹೊಡೆದುಕೊಂಡು ಆ ದಾರಿಗೆ ಹೋದಳು. ಮುಳ್ಳು ಸರಿಸಿ, ತಗ್ಗಿನ ಒಂದು ಬದಿಯ ಮಣ್ಣು ಎಳೆಯತೊಡಗಿದಳು. ಭಾವ ಬಂದ. ಅವನು ಜಗಳ ಮಾಡಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಅವನು ನಕ್ಕ.

“ಏ, ಏನ ಮಾಡಾಕತ್ತಿ? ದಾರಿ ಬ್ಯಾಡಂತ ನೀನ ಸಹಿ ಮಾಡಿಯಲ್ಲ ಶನಿವಾರ.”

“ಅವಾರ್ಡ್ ನನಗ ಬಂದೈತಿ,” ಅಂದಳು ಚಿಗವ್ವ.

“ಇಬ್ಬರಿಗೂ ಬಂದೈತಿ ತಗೋ. ನನ್ನ ಹಂತ್ಯಾಕೂ ಐತಿ ಕಾಗದ,” ಎಂದು ಅಂಗಿಯ ಕಿಸೆಯಿಂದ ಮಡಿಸಿದ ಹಾಳೆ ತೆಗೆದು ತೋರಿಸಿದ. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರೂ ನಕ್ಕರಂತೆ. ಶನಿವಾರ ಅವಳ ಪೇಢೆ ತಿಂದವರು.

ಅವತ್ತು ಮಧ್ಯಾಹ್ನ ಮತ್ತೆ ಫೋನು ಬಂತು. ಈ ಸಲ ಅವಳು ಏನನ್ನೂ ಕೇಳಲಿಲ್ಲ. “ನೀ ಬಾ” ಎಂದಷ್ಟೇ ಹೇಳಿ ಇಟ್ಟಳು.

ಮರುದಿನ ರಜೆ ಬರೆದುಕೊಟ್ಟು, ನನ್ನ ಶಾಲೆಯಿರುವ ಮೂಡಲಗಿಯಿಂದ ಗೋಕಾಕ, ಅಲ್ಲಿಂದ ಘಟಪ್ರಭಾ, ಹುಕ್ಕೇರಿ ಎಂದು ಮೂರು ಬಸ್ಸು ಬದಲಿಸಿ ಅವಳ ಊರು ಮುಟ್ಟಿದೆ. ಅವಳು ಕಟ್ಟೆಯ ಮೇಲೆ ಕೂತಿದ್ದಳು. ಸೆರಗಿನೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು, ಚೀಲದೊಳಗಿಂದ ಮೂರು ಹಾಳೆ ತೆಗೆದು ಕೊಟ್ಟಳು. ಪೂರಾ ಇಂಗ್ಲಿಷು. ಮೊದಲ ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಆ ಒಂದು ಪದ.

ಓದಿದೆ. ವಾದಿಯು ಪ್ರತಿವಾದಿಯ ಜಮೀನಿನೊಳಗಿನ ದಾರಿಯ ಮೇಲಿನ ತನ್ನ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿದ್ದಾಳೆ. ಅದಕ್ಕೆ ಪ್ರತಿಯಾಗಿ, ವಾದಿಯು ಕಾಲುವೆಯ ಏರಿಯ ಮೇಲಿಂದ ತನ್ನ ಹೊಲಕ್ಕೆ ಹೋಗಿಬರಲು ಪ್ರತಿವಾದಿಯ ಅಭ್ಯಂತರ ಇಲ್ಲ. ಎರಡು ಸಲ ಓದಿದೆ. ಕಾಲುವೆಯ ಏರಿ ಸರ್ಕಾರದ್ದು. ಅದರ ಮೇಲೆ ನಡೆಯಲು ಈ ಭಾವನ ಅಭ್ಯಂತರ ಇದ್ದರೆಷ್ಟು, ಬಿಟ್ಟರೆಷ್ಟು? ಅವಳದನ್ನು ಕಿತ್ತುಕೊಂಡು ತನ್ನದಲ್ಲದ್ದನ್ನು ದಾನ ಮಾಡಿದ್ದ, ಅದನ್ನು ರಾಜಿ ಎಂದು ಬರೆದಿದ್ದರು. “ಸೌಹಾರ್ದದಿಂದ” ಎಂಬ ಪದವೂ ಇತ್ತು. “ಸ್ವ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ” ಎಂದೂ ಇತ್ತು. ಕೊನೆಯಲ್ಲಿ, ಸಹಿಯ ಮೇಲೆ ಒಂದು ಸಾಲು: ಮೇಲಿನ ಸಂಗತಿಗಳನ್ನು ಪಕ್ಷಗಾರರಿಗೆ ಕನ್ನಡದಲ್ಲಿ ಓದಿ ವಿವರಿಸಲಾಗಿದೆ, ಅವರು ಸರಿ ಎಂದು ಒಪ್ಪಿದ್ದಾರೆ.

ಕನ್ನಡದಲ್ಲಿ ಓದಿ ಹೇಳಿದ್ದೇವೆ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಅದರ ಕೆಳಗೆ ಬಾಲ ಎಳೆದ ಅವಳ ಸಹಿ.

“ಇದನ್ನ ನಿನಗ ಓದಿ ಹೇಳಿದ್ರೇನ ಚಿಗವ್ವಾ?”

“ಎಲ್ಲಿ ಓದ್ತಾರ? ಇಲ್ಲೊಂದ ಮಾಡ, ಇಲ್ಲೊಂದ ಮಾಡ ಅಂತ ಬೆರಳ ಇಟ್ಟ ತೋರ್ಸಿದ್ರು ವಕೀಲರು. ಏನ ಐತ್ರಿ ಇದರಾಗ ಅಂದ್ನಿ. ದಾರಿ ಸಿಕ್ಕೈತಿ, ಸಹಿ ಮಾಡ ಅಂದ್ರು. ಮ್ಯಾಜಿನ ಮ್ಯಾಲ ಕುಂತವರು ಒಪ್ಪಿಗೆ ಐತೇನವಾ ಅಂದ್ರು. ದಾರಿ ಸಿಕ್ಕ ಮ್ಯಾಲ ಯಾಕ ಬ್ಯಾಡ ಅನ್ಲಿ? ಹೂಂ ಅಂದ್ನಿ.”

ನಾನು ಫೋನಿನಲ್ಲಿ ನಿಘಂಟು ತೆರೆದೆ. ಮೊದಲ ಅರ್ಥ ಬಹುಮಾನ. ಅದರ ಕೆಳಗೆ ಎರಡನೆಯದು. ಮೂರನೆಯದು: ವ್ಯಾಜ್ಯವೊಂದರಲ್ಲಿ ನ್ಯಾಯಾಧೀಶರೋ ಪಂಚರೋ ಕೊಟ್ಟ ತೀರ್ಮಾನ. ಹತ್ತು ವರ್ಷದಿಂದ ಆ ಪದವನ್ನು ಪಾಠ ಮಾಡುತ್ತಿದ್ದೆ. ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಬಹುಮಾನ ಎಂದೇ ಬರೆದಿದ್ದೆ, ಮಕ್ಕಳು ಬರೆದುಕೊಂಡಿದ್ದರು. ಮೂರನೆಯ ಸಾಲಿನವರೆಗೆ ನಾನು ಯಾವತ್ತೂ ಇಳಿದಿರಲಿಲ್ಲ.

ಅವಳಿಗೆ ಹೇಳಿದೆ. ಮುಚ್ಚಿಡಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು.

“ಹದಿನಾರ ವರ್ಷ ಸಾಲಿ ಕಲತಿ. ಒಂದ ಮಾತಿಗಿ ಎಷ್ಟ ಅರ್ಥ ಅದಾವಂತ ಕಲೀಲಿಲ್ಲೇನ?”

ಹಾಳೆಗಳನ್ನು ಮತ್ತೆ ಚೀಲದೊಳಗೆ ಹಾಕಿ ಅವಳೇ ಅಂದಳು: “ನೀ ಫೋನಿನ್ಯಾಗ ಹೇಳೂದಕಿಂತ ಮೊದ್ಲ ನನ್ನ ಸಹಿ ಆಗಿತ್ತ. ನಿನ್ನ ತಪ್ಪ ಪೇಢೆಕ್ಕಷ್ಟ. ಏಳ, ವಕೀಲನ ಕಡೆ ಹೋಗೂನು.”

ವಕೀಲರ ಆಫೀಸಿನಲ್ಲಿ ಫ್ಯಾನು ತಿರುಗುತ್ತಿತ್ತು. ಅವರು ನಮ್ಮನ್ನು ಕೂರಿಸಿದರು, ನೀರು ಕೊಡಿಸಿದರು. ಕೆಟ್ಟ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ, ಅದು ನನ್ನನ್ನು ಇನ್ನಷ್ಟು ಉರಿಸಿತು. ನಾನು ಮೂರು ಹಾಳೆ ಮೇಜಿನ ಮೇಲಿಟ್ಟು, “ಇದನ್ನ ಇವರಿಗೆ ಕನ್ನಡದಾಗ ಓದಿ ಹೇಳೀರೇನ್ರಿ?” ಎಂದು ಕೇಳಿದೆ.

“ಟೀಚರ್, ಅವತ್ತ ಎಷ್ಟ ಕೇಸ್ ಇದ್ದೂ ಗೊತ್ತೈತೇನ್ರಿ? ಒಂದೊಂದನ್ನೂ ಓದಿಕೋತ ಕುಂತ್ರ ಮುಗಿಯೂದ್ಯಾವಾಗ? ಮುಖ್ಯ ಮಾತ ಹೇಳೇನಿ.”

“ದಾರಿ ಸಿಕ್ಕೈತಿ ಅಂತ ಹೇಳೀರಿ.”

“ಸಿಕ್ಕೈತಲ್ರಿ. ಏರಿ ಮ್ಯಾಲಿನ ದಾರಿ.”

“ಏರಿ ಅವನದಲ್ಲರಿ. ಅದನ್ನ ಅಂವ ಹೆಂಗ ಕೊಡ್ತಾನ?”

ಅವರು ಹಾಳೆಗಳನ್ನು ಜೋಡಿಸಿ ನನ್ನತ್ತ ದಬ್ಬಿದರು. “ನೋಡ್ರಿ, ಇದು ಅವಾರ್ಡ್. ಫೈನಲ್. ಇದರ ಮ್ಯಾಲ ಅಪೀಲ್ ಇಲ್ಲ. ಪಾರ್ಟಿ ಒಪ್ಪಿ ಸಹಿ ಮಾಡ್ಯಾರ.”

ಆಗ ಚಿಗವ್ವ ಅಂದಳು, “ನಾ ಯಾ ಪಾರ್ಟಿನೂ ಅಲ್ಲರಿ. ಒಮ್ಮಿ ಆ ಬಾವುಟಾ, ಒಮ್ಮಿ ಈ ಬಾವುಟಾ ಹಿಡದಾಕಿ ಅಲ್ಲ ನಾ.”

ವಕೀಲರು ನಕ್ಕರು. “ಪಾರ್ಟಿ ಅಂದ್ರ ಅದಲ್ಲವಾ. ಕೇಸ್ ಹಾಕಿದವರು.”

“ಮತ್ತ ಅದನ್ನ ಹಂಗ ಹೇಳ್ರಲ್ಲ! ಕೇಸ್ ಹಾಕಿದಾಕಿ ಅನ್ರಿ, ವಾದಿ ಅನ್ರಿ. ನನಗ ತಿಳೀತೈತಿ. ನಾಕ ವರ್ಷ ನಿಮ್ಮ ಬಾಗಲದಾಗ ನಿಂತೇನಿ. ನಾಕ ವರ್ಷದಾಗ ಒಂದ ದಿನಾ ಒಂದ ಕಾಗದಾ ಓದಿ ತೋರ್ಸೀರೇನ? ತೋರ್ಸಿದ್ದ ಬೆರಳಷ್ಟ.”

ಅವರ ನಗು ನಿಂತಿತು. “ಟೀಚರ್, ಕರಕೊಂಡ ಹೋಗ್ರಿ ಇವರನ್ನ,” ಅಂದರು.

ಅವರು ಎದುರಾಳಿಯ ಜೊತೆ ಒಳಗಿಂದೊಳಗೆ ಕೈ ಜೋಡಿಸಿದ್ದರೆಂದು ಊರಲ್ಲಿ ಕೆಲವರು ಆಡಿಕೊಂಡರು. ನನಗೆ ಗೊತ್ತಿಲ್ಲ, ಕಾಣದ್ದನ್ನು ಹೇಳುವುದಿಲ್ಲ. ನಾನು ಕಂಡದ್ದು ಅಸಡ್ಡೆ. ಈ ಹೆಂಗಸಿಗೆ ಓದಿ ಹೇಳುವ ಅಗತ್ಯವೇ ಇಲ್ಲ, ಹೇಳದಿದ್ದರೆ ಏನೂ ಆಗುವುದಿಲ್ಲ ಎಂಬ ನಿಶ್ಚಿಂತೆ. ಲಂಚಕ್ಕಾದರೂ ಒಂದು ಭಯ ಇರುತ್ತದೆ. ಅಸಡ್ಡೆಗೆ ಅದೂ ಇಲ್ಲ.

ಗೋಕಾಕದ ಕಾಲೇಜಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿಯೊಬ್ಬಳು ಅಲ್ಲೇ ವಕೀಲಳಾಗಿದ್ದಾಳೆ. ಅವಳ ಮನೆಗೆ ಹೋದೆವು. ಅವಳು ಮೂರು ಹಾಳೆಯನ್ನೂ ಸಾಲು ಬಿಡದೆ ಓದಿದಳು, ಓದಿದ್ದನ್ನೆಲ್ಲ ಚಿಗವ್ವನಿಗೆ ಕನ್ನಡದಲ್ಲಿ ಹೇಳಿದಳು. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ನಾನು ಗಡಿಯಾರ ನೋಡುತ್ತಲೇ ಇದ್ದೆ. ಈ ಇಪ್ಪತ್ತು ನಿಮಿಷ ಅವತ್ತು ಯಾರ ಬಳಿಯೂ ಇರಲಿಲ್ಲ.

“ಅವರು ಹೇಳಿದ್ದು ಖರೆ ಐತಿ,” ಅಂದಳು ಗೆಳತಿ. “ಅಪೀಲ್ ಇಲ್ಲ. ಆದ್ರ ಮೋಸ ಆಗೇತಿ, ತಿಳಿಸಿ ಹೇಳಿಲ್ಲ ಅಂತ ಧಾರವಾಡದ ಹೈಕೋರ್ಟ್ ಪೀಠಕ್ಕ ಹೋಗಬಹುದು. ಕಷ್ಟ ಐತಿ. ಓದಿ ಹೇಳೇವಿ ಅಂತ ಕಾಗದದಾಗ ಬರದಾರ, ಇವರ ಸಹಿ ಐತಿ. ಓದಿ ಹೇಳಿಲ್ಲ ಅನ್ನೂದಕ್ಕ ಸಾಕ್ಷಿ ಏನ ಐತಿ?”

ಆಗ ನನಗೆ ಹೊಳೆಯಿತು. ಹೊಳೆದದ್ದು ಬಾಯಿಗೆ ಬರಲು ತಡವಾಯಿತು.

“ಸಾಕ್ಷಿ ನಾನ ಅದೀನಿ,” ಅಂದೆ. “ಸಹಿ ಮಾಡಿ ಹೊರಗ ಬಂದ ಕೂಡಲೇ ನನಗ ಫೋನ್ ಮಾಡ್ಯಾಳ. ಅವಾರ್ಡ್ ಅಂದ್ರ ಏನ ಅಂತ ಕೇಳ್ಯಾಳ. ಓದಿ ಹೇಳಿದ್ರ ಯಾಕ ಕೇಳ್ತಿದ್ಲು?”

ಗೆಳತಿ ಪೆನ್ನು ಕೆಳಗಿಟ್ಟಳು. “ಮತ್ತ ನೀ ಏನ ಹೇಳಿದಿ?”

“ಬಹುಮಾನ.”

“ಅದನ್ನ ಪ್ರಮಾಣಪತ್ರದಾಗ ಬರೀಬೇಕಾಕ್ಕೈತಿ. ನೀ ಇಂಗ್ಲಿಷ್ ಟೀಚರ್ ಅಂತನೂ ಬರೀಬೇಕು. ವಿಚಾರ ಮಾಡ.”

ವಿಚಾರ ಮಾಡಲು ಒಂದು ದಿನ ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ನಾಚಿಕೆಯಾಗಿತ್ತು. ನಮ್ಮ ಕಡೆ ಇಂಗ್ಲಿಷ್ ಟೀಚರ್ ಎಂದರೆ ಒಂದು ತೂಕ. ಬ್ಯಾಂಕಿನ ನೋಟೀಸು, ಔಷಧದ ಚೀಟಿ, ಮಗನ ಹಾಲ್ ಟಿಕೆಟ್ಟು, ಎಲ್ಲವನ್ನೂ ಹಿಡಿದುಕೊಂಡು ಜನ ನಮ್ಮ ಬಾಗಿಲಿಗೆ ಬರುತ್ತಾರೆ. ನನಗೆ ಈ ಪದದ ಅರ್ಥ ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು, ಅದು ಕೋರ್ಟಿನ ಕಡತದಲ್ಲಿ ಉಳಿಯಬೇಕು. ಆದರೆ ಚಿಗವ್ವ ತಿಳಿಯದ ಹಾಳೆಗೆ ಸಹಿ ಹಾಕಿದ್ದಳು. ತಿಳಿದ ಹಾಳೆಗೆ ಸಹಿ ಹಾಕಲು ನನಗೇನು ಧಾಡಿ ಎಂದುಕೊಂಡು ಬರೆದುಕೊಟ್ಟೆ.

ಸುದ್ದಿ ಶಾಲೆಗೂ ಬಂತು. ಸ್ಟಾಫ್ ರೂಮಿನಲ್ಲಿ ಒಬ್ಬರು, “ಏನ್ರಿ ಟೀಚರ್, ಈ ವರ್ಷ ಉತ್ತಮ ಶಿಕ್ಷಕಿ ಅವಾರ್ಡ್ ನಿಮಗ ಏನ್ರಿ?” ಎಂದು ಕೇಳಿದರು. ಉಳಿದವರು ತಲೆ ತಗ್ಗಿಸಿ ನಕ್ಕರು. ನಾನು ಕೇಳಿದೆ, “ನಿಮಗ್ಯಾರಿಗರ ಮೂರನೇ ಅರ್ಥ ಗೊತ್ತಿತ್ತೇನ್ರಿ?” ನನ್ನ ದನಿ ಎಷ್ಟು ಏರಿತ್ತೆಂದರೆ ಹೆಡ್ ಮಾಸ್ತರರು ತಮ್ಮ ಕೋಣೆಯಿಂದ ಎದ್ದು ಬಂದರು.

ಅವತ್ತಿನಿಂದ ನನ್ನ ಪಾಠ ಬದಲಾಯಿತು. ಪಠ್ಯದಲ್ಲಿ ಇದ್ದರೂ ಇಲ್ಲದಿದ್ದರೂ ವಾರಕ್ಕೆ ಒಂದು ಪಿರಿಯಡ್ ಕೋರ್ಟಿನ ಪದಗಳಿಗೆ ಕೊಟ್ಟೆ. ಸೂಟ್ ಎಂದರೆ ಮದುಮಗನ ಕೋಟು ಮಾತ್ರ ಅಲ್ಲ, ದಾವೆ. ಪ್ರೇಯರ್ ಎಂದರೆ ಬೆಳಿಗ್ಗೆ ಸಾಲಾಗಿ ನಿಂತು ಹಾಡುವುದಷ್ಟೇ ಅಲ್ಲ, ಕೋರ್ಟಿನ ಮುಂದೆ ನೀವು ಕೇಳಿಕೊಳ್ಳುವ ಬೇಡಿಕೆ. ಸೆಂಟೆನ್ಸ್ ಎಂದರೆ ವಾಕ್ಯ, ಶಿಕ್ಷೆಯೂ ಹೌದು. ಅದನ್ನು ಕೇಳಿ ಹಿಂದಿನ ಬೆಂಚಿನವರು, ಎರಡೂ ಒಂದೇ ಅಲ್ಲವೇ ಎಂಬಂತೆ ನಕ್ಕರು. ಹಿಯರಿಂಗ್ ಎಂದರೆ ವಿಚಾರಣೆ ಎಂದು ಬರೆದಾಗ ಒಬ್ಬ ಹುಡುಗಿ ಎದ್ದು ನಿಂತಳು. “ಟೀಚರ್, ಹಿಯರಿಂಗ್ ಅಂದ್ರ ಕೇಳಿಸಿಕೊಳ್ಳೂದು ಅಲ್ರಿ? ನಮ್ಮವ್ವ ಅಲ್ಲೆ ಹೋಗಿ ಬಂದ ಹೇಳ್ತಾಳ, ಅಲ್ಲೆ ಯಾರೂ ಕೇಳಿಸಿಕೊಳ್ಳಂಗಿಲ್ಲ ಅಂತ.” ಆ ಹುಡುಗಿಗೆ ಹೇಳುವಂಥ ಅರ್ಥ ಯಾವ ನಿಘಂಟಿನಲ್ಲೂ ನನಗೆ ಸಿಕ್ಕಿರಲಿಲ್ಲ.

ಧಾರವಾಡದಲ್ಲಿ ನಮ್ಮ ಸರದಿ ಬರುವವರೆಗೆ ಒಂದು ವರ್ಷದ ಮೇಲಾಯಿತು. ಅಷ್ಟೂ ದಿನ ಚಿಗವ್ವ ಏರಿಯ ಮೇಲೇ ಕುರಿ ಹೊಡೆದಳು. ಏರಿ ಕಡಿದಾದದ್ದು, ಒಂದು ಬದಿಗೆ ಇಳಿಜಾರು, ಇನ್ನೊಂದು ಬದಿಗೆ ಹರಿಯುವ ನೀರು. ಮಳೆಗಾಲದ ಒಂದು ಮುಂಜಾನೆ ಎದುರಿನಿಂದ ಟ್ರ್ಯಾಕ್ಟರ್ ಬಂತು. ಕುರಿಗಳು ಬೆದರಿ ಒತ್ತಾಡಿದವು, ಗಬ್ಬದ ಕುರಿಯೊಂದು ಜಾರಿ ಕಾಲುವೆಗೆ ಬಿತ್ತು. ಚಿಗವ್ವ ನೀರಿನ ಗುಂಟ ಓಡಿದಳು. ಕೆಳಗಿನ ತೂಬಿನ ಹತ್ತಿರ ಅದು ಸಿಕ್ಕಾಗ ಜೀವ ಇರಲಿಲ್ಲ. ಹೊಟ್ಟೆಯೊಳಗೆ ಎರಡು ಮರಿ ಇದ್ದವಂತೆ. ಆ ದಿನ ಫೋನಿನಲ್ಲಿ ಅವಳು ಅತ್ತಳು. ಕೋರ್ಟಿನ ವಿಷಯಕ್ಕೆ ಒಂದು ದಿನವೂ ಅತ್ತಿರದವಳು.

“ಸೌಹಾರ್ದದಿಂದ” ಎಂದು ಟೈಪು ಮಾಡಿದ ಆ ಬೆರಳುಗಳನ್ನು ಹಿಡಿದು ತಂದು ಆ ತೂಬಿನ ಹತ್ತಿರ ನಿಲ್ಲಿಸಬೇಕು ಅನ್ನಿಸಿತು ನನಗೆ. ಈಗಲೂ ಅನ್ನಿಸುತ್ತದೆ.

ಧಾರವಾಡದಲ್ಲಿ ನನ್ನ ಗೆಳತಿಯ ಹಿರಿಯ ವಕೀಲರೊಬ್ಬರು ವಾದ ಮಾಡಿದರು. ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದಿತ್ತು, ನಾನು ಚಿಗವ್ವನ ಕಿವಿಯಲ್ಲಿ ತಿಳಿದಷ್ಟು ಹೇಳುತ್ತಿದ್ದೆ. ನ್ಯಾಯಮೂರ್ತಿಗಳು ನನ್ನ ಪ್ರಮಾಣಪತ್ರದ ಹಾಳೆ ತಿರುವಿ, ಕನ್ನಡಕದ ಮೇಲಿಂದ ನೋಡಿ, ಕನ್ನಡದಲ್ಲಿ ಕೇಳಿದರು: “ಆ ತಾಯಿ ಬಂದಿದ್ದಾರಾ?”

ಚಿಗವ್ವ ಎದ್ದು ಮುಂದೆ ಹೋದಳು. ಕೈ ಮುಗಿದಳು.

“ನಿಮಗೆ ಇದನ್ನು ಓದಿ ಹೇಳಿದ್ರಾ?”

“ಇಲ್ಲರಿ.”

“ಓದಿ ಹೇಳದೆ ಯಾಕೆ ಸಹಿ ಮಾಡಿದ್ರಿ?”

“ಅವರು ನನ್ನ ವಕೀಲರ್ರಿ,” ಅಂದಳು. “ಎದುರಿನವರ ವಕೀಲರು ಹೇಳಿದ್ರ ಮಾಡ್ತಿದ್ದಿಲ್ರಿ.”

ನ್ಯಾಯಮೂರ್ತಿಗಳು ಅದನ್ನು ಬರೆದುಕೊಂಡರು. ಆಮೇಲೆ, “ಟೀಚರ್ ಯಾರು?” ಎಂದರು. ನಾನು ಎದ್ದು ನಿಂತೆ. ಅವರು ನನ್ನನ್ನು ಏನೂ ಕೇಳಲಿಲ್ಲ. ತಲೆಯಾಡಿಸಿ, ಕೂತುಕೊಳ್ಳಿ ಎಂದು ಕೈ ಮಾಡಿದರು.

ಆದೇಶ ಹೇಳಿದಾಗ ನನಗೆ ಸರಿಯಾಗಿ ಕೇಳಿಸಿದ್ದು ಎರಡೇ ಪದ: ಸೆಟ್ ಅಸೈಡ್. ಹೊರಗೆ ಬಂದ ಮೇಲೆ ಚಿಗವ್ವ, “ಏನಂದ್ರು?” ಎಂದಳು. ನಾನು ಬಾಯಿ ತೆರೆದವಳು ಮುಚ್ಚಿದೆ. ಆ ಎರಡು ಪದಗಳನ್ನು ಬಿಡಿಸಿದರೆ ಬದಿಗೆ ಇಟ್ಟರು ಎಂದಾಗುತ್ತದೆ.

“ತಡಿ, ಕೇಳಿ ಹೇಳ್ತೇನಿ,” ಅಂದೆ.

“ಬಾಜೂಕ ಇಟ್ರಂದ್ರೇನ? ನಮ್ಮ ಕಾಗದ ಬಾಜೂಕ ಇಟ್ರೇನ?” ಅವಳ ಮುಖ ಬಾಡಿತು. ಅವಳೂ ಅಕ್ಕಪಕ್ಕದವರಿಂದ ಅಷ್ಟು ಹಿಡಿದುಕೊಂಡಿದ್ದಳು.

ಗೆಳತಿ ಕರಿಕೋಟು ಕೈಮೇಲೆ ಹಾಕಿಕೊಂಡು ಬಂದವಳು ಅವಳ ಎರಡೂ ಕೈ ಹಿಡಿದುಕೊಂಡಳು. “ಇಲ್ಲ ಚಿಗವ್ವಾ. ಆ ಅವಾರ್ಡ್ ರದ್ದಾತು. ಅದು ಇಲ್ಲಂತನ ಲೆಕ್ಕ. ನಿಮ್ಮ ದಾವೆ ಮತ್ತ ಜೀವಾ ಆತು. ಮೊದಲಿನಿಂದ ವಿಚಾರಣೆ ನಡೀತೈತಿ.”

“ಮೊದಲಿನಿಂದ,” ಅಂದಳು ಚಿಗವ್ವ. ನಗಲಿಲ್ಲ, ಅಳಲಿಲ್ಲ. ಆ ದಿನ ಯಾರೂ ಪೇಢೆ ಕೊಳ್ಳಲಿಲ್ಲ.

ಐದು ವರ್ಷದ ಓಡಾಟ ಮುಗಿದಾಗ ಅವಳು ಹೊರಟ ಜಾಗದಲ್ಲೇ ನಿಂತಿದ್ದಳು. ಇದನ್ನು ನ್ಯಾಯ ಸಿಕ್ಕಿತು ಎಂದು ನಾಲ್ಕು ಜನ ನನಗೆ ಅಭಿನಂದನೆ ಹೇಳಿದರು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಅವಳಿಂದ ಕಿತ್ತುಕೊಂಡದ್ದನ್ನು ಅವಳಿಗೆ ಹಿಂದಿರುಗಿಸಲು ಒಂದು ವರ್ಷ, ಒಂದು ಕುರಿ, ಒಬ್ಬ ಟೀಚರಿನ ಮರ್ಯಾದೆ ಬೇಕಾಯಿತು. ಆ ವಕೀಲರು ಅದೇ ಆಫೀಸಿನಲ್ಲಿ ಅದೇ ಫ್ಯಾನಿನ ಕೆಳಗೆ ಕೂತಿದ್ದಾರೆ. ಒಮ್ಮೆ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಕಂಡು, “ಆರಾಮ ಏನ್ರಿ ಟೀಚರ್?” ಎಂದರು. ನನ್ನ ಬಸ್ಸು ಬಂದಿರದಿದ್ದರೂ ಬಂತು ಎಂಬ ಹಾಗೆ ನಡೆದುಬಿಟ್ಟೆ.

ಈಗ ಚಿಗವ್ವನ ಕೇಸನ್ನು ನನ್ನ ಗೆಳತಿ ನಡೆಸುತ್ತಿದ್ದಾಳೆ. ವಿಚಾರಣೆ ಮುಗಿಯುವವರೆಗೆ ದಾರಿಗೆ ಅಡ್ಡಿ ಮಾಡಕೂಡದು ಎಂದು ಕೋರ್ಟು ತಾತ್ಕಾಲಿಕ ಆದೇಶ ಕೊಟ್ಟಿದೆ. ಭಾವ ಮುಳ್ಳು ತೆಗೆಸಿದ. ತಗ್ಗನ್ನು ಅರ್ಧ ಮುಚ್ಚಿಸಿದ, ಉಳಿದರ್ಧವನ್ನು ಚಿಗವ್ವ ಸಲಿಕೆಯಿಂದ ತಾನೇ ಮುಚ್ಚಿದಳು. ಕುರಿ ಹೋಗುತ್ತವೆ. ಚಕ್ಕಡಿ ಇನ್ನೂ ಹೋಗುವುದಿಲ್ಲ.

ಹೋದ ತಿಂಗಳು ತಾರೀಖಿಗೆ ನಾನೂ ಜೊತೆಗೆ ಹೋಗಿದ್ದೆ. ಗೆಳತಿ ಇನ್ನೊಂದು ಕೋರ್ಟಿನಲ್ಲಿ ಇದ್ದಳು. ಕಾರಕೂನರೊಬ್ಬರು ಒಂದು ಹಾಳೆ ತಂದು, ಹಿಂದಿನ ಸಾಕ್ಷಿಯ ಹೇಳಿಕೆಯ ವಿಷಯ, ಇಲ್ಲೊಂದು ಸಹಿ ಎಂದು ಬೆರಳಿಟ್ಟು ತೋರಿಸಿದರು. ಚಿಗವ್ವ ಪೆನ್ನು ತೆಗೆದುಕೊಳ್ಳಲಿಲ್ಲ.

“ಓದಿ ಹೇಳ್ರಿ.”

“ದೊಡ್ಡದೇನಿಲ್ಲವಾ ಇದು.”

“ಸಣ್ಣದಿದ್ರ ಲಗೂ ಮುಗೀತೈತಿ. ಓದ್ರಿ.”

“ನಿಮ್ಮ ಟೀಚರ್ ಬಾಜೂಕ ಅದಾರಲ್ಲ, ಅವರ ಓದಲಿ.”

“ಆಕಿ ಓದೂದ ಬ್ಯಾಡ. ಬರದವರು ಓದ್ರಿ.”

ಅವರು ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಹಿಂದೆ ಸಾಲಿನಲ್ಲಿದ್ದ ಒಬ್ಬ ಮುದುಕಿ, ಕೈಯಲ್ಲಿ ತನ್ನದೇ ಒಂದು ಹಾಳೆ ಹಿಡಿದವಳು, “ಹೌದ್ರಿ ಸಾಹೇಬ್ರ, ಜೋರಲೆ ಓದ್ರಿ, ನನಗೂ ಕೇಳ್ಲಿ” ಅಂದಳು. ಯಾರೋ ನಕ್ಕರು. ಕಾರಕೂನರು ಮುಖ ಗಂಟಿಕ್ಕಿ, ಹಾಳೆಯನ್ನು ಬೆಳಕಿಗೆ ಹಿಡಿದು, ಕನ್ನಡ ಮಾಡಿ ಹೇಳತೊಡಗಿದರು. ಎರಡನೆಯ ಸಾಲಿಗೇ ಒಂದು ಪದಕ್ಕೆ ತಡವರಿಸಿದರು.

“ನಿಲ್ರಿ,” ಅಂದಳು ಚಿಗವ್ವ. “ಅದರ ಅರ್ಥ ನಿಮಗ ಗೊತ್ತಿಲ್ಲಾಂದ್ರ ಒಳಗ ಕೇಳಿ ಬರ್ರಿ. ನಾ ಇಲ್ಲೇ ನಿಂತಿರ್ತೇನಿ.”

ಅವರು ಹಾಳೆ ಹಿಡಿದು ಒಳಗೆ ಹೋದರು. ಚಿಗವ್ವ ಸೆರಗು ಸರಿಪಡಿಸಿಕೊಂಡು ಕಂಬಕ್ಕೆ ಒರಗಿದಳು. ಮುದುಕಿ ತನ್ನ ಹಾಳೆಯನ್ನು ಅವಳ ಮುಂದೆ ಹಿಡಿದು, “ನಂದೂ ಓದ್ಸಿ ಕೊಡ್ತೀಯೇನ ಯವ್ವಾ?” ಎಂದು ಕೇಳಿದಳು.